ಅಣ್ಣ ಕಳಿಸಿದ ಗ್ರೈಂಡರ್

ಬಿಸಿ ಸಾರು ಅಡಿಕೆ ಹಾಳೆಯ ತಟ್ಟೆಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ನೆನೆದ ತೊಗಟೆಯಂಥ, ಸ್ವಲ್ಪ ಸುಟ್ಟಂಥ ವಾಸನೆ. ಕೆಲವರಿಗೆ ಅದು ಹಿತವಂತೆ. ಗೌರಿ ಹಬ್ಬ ಮುಗಿದ ವಾರ ನಮ್ಮ ಊರಿನ ಸದಾಶಿವನಗರದಲ್ಲಿ ನೆಂಟರೊಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಮನೆಯೊಡತಿ ಪ್ರತಿ ಪಂಕ್ತಿಗೂ ಬಂದು, "ನಾವು ಪ್ಲಾಸ್ಟಿಕ್ ಮುಟ್ಟೋದೇ ಇಲ್ಲ, ಎಲ್ಲಾ ಹಾಳೆ ತಟ್ಟೆನೇ" ಎಂದು ಹೇಳಿ ಹೋಗುತ್ತಿದ್ದರು. ಬಡಿಸುವವನು ಅನ್ನದ ಮೇಲೆ ಕುದಿಯುವ ಸಾರು ಸುರಿದ. ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಅಕ್ಕ ನೆನಪಾದಳು.

ಅದೇ ಊರಿನ ಉಪ್ಪಾರಹಳ್ಳಿಯಲ್ಲಿ ಆಗ ನಮ್ಮದು ವಠಾರದ ಮನೆ. ನಡುವೆ ಒಂದೇ ಗೋಡೆ, ಅದರ ಆಚೆ ಅಕ್ಕ. ನಮ್ಮಲ್ಲಿ ಒಗ್ಗರಣೆ ಹಾಕಿದರೆ ಅವಳು ಸೀನುತ್ತಿದ್ದಳು, ಅವಳು ಹಾಡಿಕೊಂಡರೆ ನನ್ನ ಓದು ಕೆಡುತ್ತಿತ್ತು. ರಕ್ತಸಂಬಂಧ ಏನೂ ಇಲ್ಲ, ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ಅಕ್ಕ. ಗಂಡ ಲಾರಿ ಡ್ರೈವರ್, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಕ್ಕಳಿರಲಿಲ್ಲ. ಕುಣಿಗಲ್ ಕಡೆಯ ತವರಿನಲ್ಲಿ ಅಪ್ಪ, ಅಮ್ಮ, ಇದ್ದೊಬ್ಬ ಅಣ್ಣ ಎಲ್ಲರೂ ತೀರಿಕೊಂಡು ಒಬ್ಬ ಸೋದರತ್ತೆ ಮಾತ್ರ ಉಳಿದಿದ್ದಳು. ಗೌರಿ ಹಬ್ಬಕ್ಕೆ ವಠಾರದ ಬಾಕಿ ಹೆಂಗಸರಿಗೆಲ್ಲ ಅಣ್ಣನೋ ತಮ್ಮನೋ ಬಾಗಿನ ಹಿಡಿದು ಬರುತ್ತಿದ್ದರೆ, ಇವಳು ತಲೆನೋವು ಎಂದು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು. ಅದು ಎಂಥ ತಲೆನೋವು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಗಿಲು ತಟ್ಟುತ್ತಿರಲಿಲ್ಲ.

ಹಾಳೆ ತಟ್ಟೆಯ ಫ್ಯಾಕ್ಟರಿಗೆ ಸೇರಿದ ವರ್ಷ ಆ ತಲೆನೋವು ವಾಸಿಯಾಯಿತು. ಗುಬ್ಬಿ ದಾಟಿದ ಮೇಲೆ ರಸ್ತೆ ಪಕ್ಕಕ್ಕೇ ಇದ್ದ ದೊಡ್ಡ ಶೀಟಿನ ಶೆಡ್ಡು ಅದು. ಅಡಿಕೆ ಹಾಳೆಯನ್ನು ತೊಟ್ಟಿಯಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಪ್ರೆಸ್ಸಿನ ಕೆಳಗಿಟ್ಟು ಪೆಡಲ್ ಒತ್ತಿದರೆ ತಟ್ಟೆಯಾಗಿ ಬರುತ್ತದೆ. ಕೆಲಸದವರೆಲ್ಲ ಹೆಂಗಸರೇ. ಅವರು ಮಾಲೀಕನನ್ನು ಸಾರ್ ಎನ್ನುವ ಹಾಗಿರಲಿಲ್ಲ. "ಅಣ್ಣ ಅನ್ನಿ. ಇದು ಫ್ಯಾಕ್ಟ್ರಿ ಅಲ್ಲ, ನಿಮ್ಮ ತವರು ಮನೆ" ಎಂದು ಸೇರಿದ ದಿನವೇ ಹೇಳುತ್ತಿದ್ದನಂತೆ. ಗೌರಿ ಹಬ್ಬದ ಹಿಂದಿನ ದಿನ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ, ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟು ತನ್ನ ಕೈಯಾರೆ ಬಾಗಿನ ಕೊಡುತ್ತಿದ್ದ. ದೊಡ್ಡ ಮನುಷ್ಯರನ್ನು 'ಅವರು' ಎಂದು ಬರೆಯುವುದು ಮರ್ಯಾದೆ. ನನಗೆ ಆ ಮರ್ಯಾದೆ ಬರುತ್ತಿಲ್ಲ, ಅವನು ಎಂದೇ ಬರೆಯುತ್ತೇನೆ.

ಆ ವರ್ಷ ಅಕ್ಕ ಬಾಗಿನದ ಸೀರೆಯನ್ನು ಮನೆ ಮನೆಗೆ ಹೊತ್ತು ತೋರಿಸಿದಳು. "ಅಣ್ಣ ಕೊಟ್ಟಿದ್ದು" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಸೀರೆ ಅಂಥದ್ದೇನೂ ಆಗಿರಲಿಲ್ಲ, ಒಗೆದರೆ ಬಣ್ಣ ಬಿಡುವ ಜಾತಿ. ಆದರೂ ಅವಳು ಅದನ್ನು ಉಟ್ಟುಕೊಂಡು ಹಬ್ಬದ ದಿನ ಬಾಗಿಲು ಹಾರುಹೊಡೆದು ಹೊಸಿಲ ಮೇಲೇ ಕೂತಿದ್ದಳು.

ನಾನಾಗ ಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಹೊಸದಾಗಿ ಕಲಿತವರಿಗೆ ಇರುವ ಚಟ, ಅವಳನ್ನು ಕೂರಿಸಿಕೊಂಡು ಪಾಟೀ ಸವಾಲು ಮಾಡುತ್ತಿದ್ದೆ. ಕೆಲಸಕ್ಕೆ ಸೇರಿಸಿಕೊಂಡ ಪತ್ರ ಕೊಟ್ಟಿದ್ದಾರಾ? ಇಎಸ್‌ಐ ಇದೆಯಾ? ಹೊಗೆ ಹೊರಗೆ ಹೋಗಲು ಫ್ಯಾನು? ಅವಳು ನಗುತ್ತಿದ್ದಳು. "ತವರು ಮನೇಲಿ ಯಾರಾದ್ರೂ ಲೆಟ್ರು ಕೇಳ್ತಾರೇನೇ ಲಾಯರಮ್ಮ?" ಈ ಒಂದು ಮಾತಿನ ಬಲ ಎಷ್ಟೆಂದು ಅವಳ ಮಾಲೀಕನಿಗೆ ಚೆನ್ನಾಗಿ ಗೊತ್ತಿತ್ತು. ಮಾಲೀಕನಾದರೆ ಕೊಡಬೇಕಾದದ್ದು ಬಹಳ ಇರುತ್ತದೆ. ಅಣ್ಣನಾದರೆ ವರ್ಷಕ್ಕೊಂದು ಸೀರೆ ಕೊಟ್ಟರೆ ತೀರಿತು.

ಪ್ರೆಸ್ಸಿನ ಮುಂದೆ ಒಂದು ಜಾಲರಿ ಬಾಗಿಲು ಇತ್ತಂತೆ. ಅದು ಮುಚ್ಚಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು, ಕೈ ಒಳಗಿದ್ದರೆ ಇಳಿಯಬಾರದು. ಮಿಷನ್ ಮಾಡಿದವನೇ ಹಾಗೆ ಮಾಡಿ ಕಳಿಸಿದ್ದ. ಆಯುಧಪೂಜೆಯ ದಿನ ಮಿಷನ್ನಿಗೆ ವಿಭೂತಿ ಪಟ್ಟೆ ಬಳಿಯಲು, ಹಾರ ಹಾಕಲು ಅಡ್ಡವಾಗುತ್ತದೆ ಎಂದು ಜಾಲರಿಗಳನ್ನೆಲ್ಲ ಬಿಚ್ಚಿದರು. ಬಿಚ್ಚಿದ ಜಾಗದಲ್ಲಿ ತಂತಿ ಸುತ್ತಿ ಮಿಷನ್ ಓಡುವ ಹಾಗೆ ಮಾಡಿಕೊಂಡರು. ಮಾರನೆಯ ದಿನ ನೋಡಿದರೆ ಬಾಗಿಲು ತೆಗೆದು ಮುಚ್ಚುವ ಹೊತ್ತು ಉಳಿದು ತಟ್ಟೆಗಳು ಬೇಗ ಬೇಗ ಬೀಳುತ್ತಿದ್ದವು. ಚಾಮುಂಡಿ ತಾಯಿ ಕಣ್ಣು ಬಿಟ್ಟಳು ಎಂದ ಮಾಲೀಕ. ಜಾಲರಿಗಳು ಗೋಡೌನಿನ ಮೂಲೆ ಸೇರಿದವು. ಬೂದುಗುಂಬಳಕಾಯಿ ಒಡೆಸಿ, ನಿಂಬೆಹಣ್ಣು ತುಳಿಸಿ, ಮಿಷನ್ನಿಗೆ ಯಾರ ದೃಷ್ಟಿಯೂ ತಾಗದ ಹಾಗೆ ನೋಡಿಕೊಂಡವನಿಗೆ ಮಿಷನ್ನಿನ ಮುಂದೆ ಕೂತವಳ ಕೈ ಕಾಣಲಿಲ್ಲ. ಗೇಟಿನ ಮೇಲೆ ಮಾತ್ರ 'ಸುರಕ್ಷತೆಯೇ ಮೊದಲು' ಎಂದು ದಪ್ಪಕ್ಷರದ ಬೋರ್ಡಿತ್ತು. ಮಾಡುವುದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಮದುವೆಗಳ ಕಾಲದಲ್ಲಿ ಆರ್ಡರು ಜಾಸ್ತಿ. ಅಂಥ ಒಂದು ದಿನ ಹಾಳೆ ಸೊಟ್ಟಗೆ ಕೂತಿತ್ತೆಂದು ಅಕ್ಕ ಸರಿಮಾಡಲು ಬಲಗೈ ಹಾಕಿದಳು. ಕಾಲು ಪೆಡಲ್ ಮೇಲಿತ್ತು... ಅಚ್ಚು ಬರಿಯ ಭಾರ ಅಲ್ಲ, ಕಾದದ್ದೂ ಹೌದು. ಇದಕ್ಕಿಂತ ಹೆಚ್ಚು ಬರೆಯಲಾರೆ. ಆಸ್ಪತ್ರೆಯಲ್ಲಿ ಹೆಬ್ಬೆರಳು ಒಂದನ್ನು ಬಿಟ್ಟು ಮಿಕ್ಕ ಬೆರಳುಗಳನ್ನೆಲ್ಲ ತೆಗೆದರು.

ಆಸ್ಪತ್ರೆಗೆ ಮಾಲೀಕ ತನ್ನ ಕಾರಿನಲ್ಲೇ ಕರೆತಂದಿದ್ದ. ಸೀಟಿಗೆ ರಕ್ತ ಆಗಬಾರದೆಂದು ಕೆಳಗೆ ಗೋಣಿಚೀಲ ಹಾಸಿಸಿದ್ದನಂತೆ. ದಾರಿಯುದ್ದಕ್ಕೂ ಅವಳ ತಲೆ ಸವರುತ್ತಾ ಒಂದೇ ಮಾತು ಹೇಳಿದ್ದಾನೆ: ಫ್ಯಾಕ್ಟರಿಯಲ್ಲಿ ಆಯಿತು ಅಂದರೆ ಶೆಡ್ಡಿಗೆ ಬೀಗ ಬೀಳುತ್ತದೆ, ಅಷ್ಟು ಜನ ಹೆಣ್ಣುಮಕ್ಕಳ ಅನ್ನ ಹೋಗುತ್ತದೆ, ತವರು ಮನೆಗೆ ನೀನೇ ಬೆಂಕಿ ಇಟ್ಟ ಹಾಗಾಗುತ್ತದೆ. ನಾನು ಸಂಜೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮನೇಲಿ ಗ್ರೈಂಡರ್‌ಗೆ ಸಿಕ್ಕಾಕ್ಕೊಳ್ತು ಅಂತ ಡಾಕ್ಟ್ರಿಗೆ ಹೇಳಿದೀನಿ ಕಣೇ" ಎಂದಳು ಅಕ್ಕ. "ನೀನೂ ಹಂಗೇ ಹೇಳು."

"ನಿನ್ನ ಮನೇಲಿ ಗ್ರೈಂಡರ್ ಎಲ್ಲೈತೆ ಅಕ್ಕ?"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಮನೆಯಲ್ಲಿದ್ದದ್ದು ಒಂದು ಒರಳುಕಲ್ಲು.

ಮಾರನೆಯ ದಿನ ಗ್ರೈಂಡರ್ ಬಂತು! ಸುಳ್ಳು ಹೇಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸುಳ್ಳಿಗೆ ಸಾಮಾನು ತಂದು ಇಳಿಸಿದ್ದನ್ನು ಅದೇ ಮೊದಲು ನೋಡಿದ್ದು. ಅವನ ಡ್ರೈವರ್ ಹೊಸ ಗ್ರೈಂಡರನ್ನು ಅಕ್ಕನ ಅಡುಗೆಮನೆಯಲ್ಲಿಟ್ಟು, ರಟ್ಟಿನ ಪೆಟ್ಟಿಗೆಯನ್ನು ವಾಪಸ್ಸು ತೆಗೆದುಕೊಂಡು ಹೋದ. ಹೊಸದು ಎಂದು ಗೊತ್ತಾಗಬಾರದಲ್ಲ. ಯಾರಾದರೂ ವಿಚಾರಿಸಲು ಬಂದರೆ ಅಪರಾಧಿ ಅಲ್ಲೇ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕೂತಿರಬೇಕಿತ್ತು.

ಆಸ್ಪತ್ರೆಯಿಂದ ಬಂದ ಅಕ್ಕ ಗ್ರೈಂಡರ್ ನೋಡಿ ಸಂತೋಷಪಟ್ಟಳು. ಸುಳ್ಳಲ್ಲ, ನಿಜವಾಗಿ ಸಂತೋಷಪಟ್ಟಳು, ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಕೈಗೆ ಬ್ಯಾಂಡೇಜಿದ್ದಾಗಲೇ ಎಡಗೈಯಲ್ಲಿ ಅಕ್ಕಿ ಉದ್ದು ಹಾಕಿ ರುಬ್ಬಿ, ವಠಾರಕ್ಕೆಲ್ಲ ದೋಸೆ ಮಾಡಿಸಿ ಹಂಚಿದಳು. "ಅಣ್ಣ ಕಳ್ಸವ್ರೆ ಕಣೇ, ತಿನ್ನು" ಎಂದು ನನ್ನ ಮುಂದೆ ತಟ್ಟೆ ಇಟ್ಟಳು. ನೆಗಡಿ ಎಂದು ಎದ್ದುಬಂದೆ. ಅವಳಿಗೆ ಬೇಜಾರಾಯಿತು, ಆಗಲಿ. ಆ ದೋಸೆ ನುಂಗುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡ, ಕಸ ಗುಡಿಸಲು, ತಟ್ಟೆಗಳನ್ನು ಬಿಸಿಲಿಗೆ ಹರಡಲು. ಅದು ಅವನ ದೊಡ್ಡ ಮನಸ್ಸು ಎಂದು ಊರೆಲ್ಲ ಹೇಳಿತು. ದಿನಾ ಬೆಳಿಗ್ಗೆ ನಾನು ಹೋಗಿ ಅವಳ ಸೀರೆಯ ನೆರಿಗೆ ಹಿಡಿಯುತ್ತಿದ್ದೆ, ಒಂದು ಕೈಯಲ್ಲಿ ಅವಳಿಗೆ ಬರುತ್ತಿರಲಿಲ್ಲ. ನೆರಿಗೆ ಹಿಡಿಯುತ್ತಾ ಜಗಳವಾಡುತ್ತಿದ್ದೆ. ಮಿಷನ್ನಿನ ಬಾಯಿಗೆ ಅಡ್ಡ ಇಡುವುದು ಅವನ ಕರ್ತವ್ಯ, ಅಪಘಾತವಾದರೆ ಸರ್ಕಾರಕ್ಕೆ ತಿಳಿಸುವುದು ಅವನ ಕರ್ತವ್ಯ, ನಿನ್ನ ಹೆಸರಲ್ಲಿ ಇಎಸ್‌ಐ ಕಟ್ಟಿದ್ದಿದ್ದರೆ ಬದುಕಿರುವ ತನಕ ನಿನಗೆ ಪಿಂಚಣಿ ಬರುತ್ತಿತ್ತು, ಅದು ಯಾರ ಭಿಕ್ಷೆಯೂ ಅಲ್ಲ, ಕಾನೂನು. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಅಣ್ಣನ್ನ ಯಾರಾದ್ರೂ ಕೋರ್ಟಿಗೆ ಎಳೀತಾರೇನೇ? ಬುಡು ಅತ್ಲಾಗೆ."

"ಕಾನೂನಿಗೆ ಅಣ್ಣ ತಂಗಿ ಗೊತ್ತಿಲ್ಲ ಅಕ್ಕ. ಮಾಲೀಕ, ಕೆಲಸದೋಳು, ಅಷ್ಟೇ ಗೊತ್ತಿರೋದು."

"ಹಂಗಾದ್ರೆ ನಿನ್ನ ಕಾನೂನು ಅನಾಥ ಕಣೇ, ಪಾಪ" ಎಂದು ನಕ್ಕಳು. ತವರಿಲ್ಲದವಳ ಬಾಯಲ್ಲಿ ಆ ಮಾತು ಕೇಳಿ, ಹಿಡಿದಿದ್ದ ನೆರಿಗೆಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದೆ.

ಮಾರ್ಚ್ ತಿಂಗಳಲ್ಲಿ ಫ್ಯಾಕ್ಟರಿಯಲ್ಲಿ ಸುರಕ್ಷತಾ ದಿನ ಮಾಡಿದರು. ಮುಖ್ಯ ಅತಿಥಿ ಕಾರ್ಖಾನೆಗಳ ಇಲಾಖೆಯ ಒಬ್ಬ ಅಧಿಕಾರಿ. ಅಂದು ಅಕ್ಕನಿಗೆ ಸನ್ಮಾನ. ರೇಷ್ಮೆ ಸೀರೆ ಉಡಿಸಿ ಜೊತೆಗೂ ಬಾ ಎಂದು ಅವಳು ನನ್ನನ್ನು ಎಳೆದುಕೊಂಡು ಹೋದಳು. ಗೇಟಿನಲ್ಲೇ ನನಗೆ ಅಸಹ್ಯ ಶುರುವಾಯಿತು. ಹಳದಿ ಹೆಲ್ಮೆಟ್ಟುಗಳ ರಾಶಿ ಹಾಕಿಕೊಂಡು, ಬಂದ ಬಂದ ಹೆಂಗಸಿನ ತಲೆಗೆ, ಮಲ್ಲಿಗೆ ಹೂವಿನ ಮೇಲೇ ಒಂದೊಂದು ಕೂರಿಸುತ್ತಿದ್ದರು. ತಟ್ಟೆ ಒತ್ತುವ ಕಡೆ ಹೆಲ್ಮೆಟ್ಟು ಯಾಕೆ ಬೇಕು? ಅಲ್ಲಿ ತಲೆಗೆ ಬೀಳುವುದು ಏನೂ ಇಲ್ಲ, ಬೀಳುವುದೆಲ್ಲ ಕೈಯ ಮೇಲೆ. ಫೋಟೋ ಆದಮೇಲೆ ಹೆಲ್ಮೆಟ್ಟುಗಳು ಮತ್ತೆ ಚೀಲಕ್ಕೆ.

ಒಂದು ಪ್ರೆಸ್ಸಿಗೆ ಚೆಂಡುಹೂವಿನ ಹಾರ ಹಾಕಿ ಸಿಂಗರಿಸಿದ್ದರು. ಅತಿಥಿಗಳ ಮುಂದೆ ತಟ್ಟೆ ಒತ್ತಿ ತೋರಿಸಲು ಹೊಸದಾಗಿ ಸೇರಿದ ಒಬ್ಬ ಹೆಂಗಸನ್ನು ಅದರ ಮುಂದೆ ಕೂರಿಸಿದ್ದರು. ಹೊಸ ಮದುವೆಯವಳು, ಕೈ ತುಂಬ ಹಸಿರು ಬಳೆ. ಅಕ್ಕ ಅಲ್ಲಿ ನಿಂತುಬಿಟ್ಟಳು. ಅದು ಅವಳದೇ ಪ್ರೆಸ್ಸು. ಜಾಲರಿ ಇರಲಿಲ್ಲ. ಆ ಹುಡುಗಿ ಅಭ್ಯಾಸಕ್ಕೆಂದು ಹಾಳೆ ಇಟ್ಟು, ಬೆರಳಿನಿಂದ ತಟ್ಟಿ ಸರಿಮಾಡುತ್ತಿದ್ದಳು. ಅಕ್ಕನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ, ನಡಿ ಎಂದು ಕೈ ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಂಡಳು.

ವೇದಿಕೆಯ ಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾಲೀಕ ಅಕ್ಕನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡು ಮೈಕು ಹಿಡಿದ. "ಇವಳು ನನ್ನ ಒಡಹುಟ್ಟಿದ ತಂಗಿಗಿಂತ ಹೆಚ್ಚು. ಮನೇಲಿ ಗ್ರೈಂಡರ್‌ಗೆ ಸಿಕ್ಕಿ ಹಿಂಗಾಯ್ತು. ನಾವು ಬೀದಿಗೆ ಬಿಡ್ಲಿಲ್ಲ." ಚಪ್ಪಾಳೆ ಬಿತ್ತು. ಆಮೇಲೆ ಪ್ರತಿಜ್ಞೆ. ಎಲ್ಲರೂ ಎದ್ದು ನಿಂತು ಬಲಗೈ ಮುಂದೆ ಚಾಚಬೇಕು, ಅವನು ಹೇಳಿಕೊಟ್ಟಂತೆ ಹೇಳಬೇಕು. ಎಲ್ಲರೂ ಚಾಚಿದರು. ಅಕ್ಕನೂ ಚಾಚಿದಳು. ಸೆರಗಿನ ಒಳಗೆ ಅಡಗಿಸಿಕೊಂಡೇ ಇರುತ್ತಿದ್ದ ಆ ಒಂಟಿ ಹೆಬ್ಬೆರಳಿನ ಕೈಯನ್ನು ಅಷ್ಟು ಜನರ ಎದುರಿಗೆ ಉದ್ದಕ್ಕೆ ಚಾಚಿ, ಅಧಿಕಾರಿಯ ಕಡೆ ನೋಡುತ್ತಾ ಮೈಕಿನ ಹತ್ತಿರ ಬಗ್ಗಿದಳು.

"ಸಾರ್, ಇದು ಗ್ರೈಂಡರ್‌ಗೆ ಸಿಕ್ಕಿದ್ದಲ್ಲ. ಅಲ್ಲಿ ಹಾರ ಹಾಕವ್ರಲ್ಲ, ಆ ಪ್ರೆಸ್ಸಿಗೆ ಸಿಕ್ಕಿದ್ದು. ಜಾಲರಿ ಬಿಚ್ಚಿ ಗೋಡೌನಲ್ಲಿ ಮಡಗವ್ರೆ. ಹಾಕ್ಸಿ ಸಾರ್... ಇವತ್ತು ಅಲ್ಲಿ ಇನ್ನೊಬ್ಬಳು ಕೂತವ್ಳೆ."

"ತಂಗೀ, ಏನಮ್ಮ ಇದು" ಎಂದು ಮಾಲೀಕ ನಗುತ್ತಲೇ ಅವಳ ಹೆಗಲಿಗೆ ಕೈ ಹಾಕಿದ.

"ತಂಗಿ ಅನ್ಬೇಡಿ ನನ್ನ" ಎಂದಳು ಅಕ್ಕ. "ಕೆಲಸದೋಳು ಅನ್ನಿ. ಕೆಲಸದೋಳಿಗೆ ಕಾನೂನಾದ್ರೂ ಐತೆ."

ಮೈಕು ಆರಿತು. ಯಾರೋ ದೇವರ ನಾಮ ಹಾಕಿದರು. ಅಧಿಕಾರಿ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಊಟ ಮುಗಿಸಿಯೇ ಹೋದರು, ಅದೂ ಹಾಳೆ ತಟ್ಟೆಯಲ್ಲಿ, ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡು. ಆದರೆ ಒಂದು ಮಾತು ಹೇಳಬೇಕು, ಕೆಲವು ದಿನಗಳ ನಂತರ ಅವರು ಹಾರತುರಾಯಿ ಇಲ್ಲದೆ ಮತ್ತೆ ಬಂದು, ನಿಂತು ಜಾಲರಿ ಹಾಕಿಸಿದರಂತೆ. ಅಷ್ಟು ಜನರ ಮುಂದೆ ಕೇಳಿದ ಮಾತನ್ನು ಕೇಳಲಿಲ್ಲ ಎನ್ನಲು ಅವರಿಗೂ ಧೈರ್ಯ ಬರಲಿಲ್ಲವೇನೋ.

ಆ ದಿನ ಊಟದ ಪಂಕ್ತಿಯಲ್ಲಿ ಅಕ್ಕನ ಪಕ್ಕ ಯಾವ ಹೆಂಗಸೂ ಕೂರಲಿಲ್ಲ. ಉಂಡ ಮನೆಗೆ ಎರಡು ಬಗೆದಳು ಎಂದು ನಮಗೆ ಕೇಳುವ ಹಾಗೇ ಆಡಿಕೊಂಡರು. ಮಾರನೆಯ ದಿನದಿಂದ ಅವಳನ್ನು ಒಳಗೆ ಬಿಡಲಿಲ್ಲ. ಡ್ರೈವರ್ ಬಂದು ಗ್ರೈಂಡರನ್ನೂ ಎತ್ತಿಕೊಂಡು ಹೋದ. ಕೊಟ್ಟದ್ದನ್ನು ವಾಪಸ್ಸು ಒಯ್ಯುವುದು ನಮ್ಮ ಕಡೆ ಎಷ್ಟು ಹೀನ ಕೆಲಸ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

ನನಗೆ ಪಾಠ ಹೇಳಿದ ವಕೀಲರೊಬ್ಬರು ಕೇಸು ಹಾಕಿದರು. ಅವನು ಅರ್ಧದಷ್ಟು ಹೆಂಗಸರನ್ನು ಲೆಕ್ಕಕ್ಕೇ ತೋರಿಸಿರಲಿಲ್ಲ, ಅದರಲ್ಲಿ ಅಕ್ಕನೂ ಒಬ್ಬಳು. ಅವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಹಬ್ಬಕ್ಕೆ ಕರೆದು ಸೀರೆ ಕೊಡುತ್ತಿದ್ದೆವು ಅಷ್ಟೇ ಎಂದು ಅವನ ಕಡೆಯವರು ಹೇಳಿದರು. ಕೂತಲ್ಲಿಂದ ಎದ್ದು ಹೋಗಿ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಸಾಕ್ಷಿ ಹೇಳಲು ಯಾವ ಹೆಂಗಸೂ ಬರಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಅಕ್ಕನೇ ಹೇಳಿ ಬರೆಸಿದ್ದ 'ಮನೆಯಲ್ಲಿ, ಗ್ರೈಂಡರ್‌ಗೆ' ಎಂಬ ಮಾತು ಅವಳಿಗೇ ಉರುಳಾಯಿತು. ಕೇಸು ಬಿದ್ದುಹೋಯಿತು.

ಅವಳು ವಠಾರ ಬಿಟ್ಟು ಕುಣಿಗಲ್ಲಿಗೆ, ಆ ಸೋದರತ್ತೆಯ ಮನೆಗೆ ಹೋದಳು. ದೇವಸ್ಥಾನದ ಮುಂದೆ ಬಿಡಿ ಹೂವು ಮಾರುತ್ತಿದ್ದಳು. ಕಟ್ಟಲು ಬರುತ್ತಿರಲಿಲ್ಲವಲ್ಲ. ನಾನು ವಕೀಲಳಾಗಿ ಕೈಗೆ ನಾಲ್ಕು ಕಾಸು ಬಂದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದೆ. ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಸೀರೆಯನ್ನು ಎಡಗೈಯಲ್ಲಿ ಸವರಿ ನೋಡಿದಳು. ಒಳ್ಳೆಯ ಸೀರೆಯೇ ತಂದಿದ್ದೆ.

"ಚೆನ್ನಾಗೈತೆ ಕಣೇ" ಎಂದಳು. ಸೀರೆಯನ್ನು ಮತ್ತೆ ಮೊರದಲ್ಲಿಟ್ಟು, "ಆವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ಅಣ್ಣ ಈಗ್ಲೂ ಕಳಿಸೋನು, ಅಲ್ವಾ?" ಎಂದಳು.

ಅವನು ಕೈ ತಿಂದ, ಕೆಲಸ ತಿಂದ, ಅಷ್ಟೆಲ್ಲ ಆದಮೇಲೂ ಅವಳ ಒಳಗೆ ಅಣ್ಣನಾಗಿ ಕೂತೇ ಇದ್ದ. ಅವನ ಮೇಲೆ ಒಂದು ಒಳ್ಳೆಯ ಸಿಟ್ಟನ್ನೂ ಅವಳಿಗೆ ಉಳಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಹೇಸಿಗೆಯಾಗುತ್ತದೆ. ಹೋದ ವರ್ಷ ಜ್ವರ ಬಂದು ಅಕ್ಕ ತೀರಿಕೊಂಡಳು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು...

ಆ ನಾಮಕರಣದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಏನು ಹುಚ್ಚೋ, ಮನೆಗೆ ಹೋಗುವ ಬದಲು ಗುಬ್ಬಿ ಕಡೆಯ ಬಸ್ಸು ಹತ್ತಿದೆ. ಜಾಲರಿ ಇನ್ನೂ ಇದೆಯೋ, ಮತ್ತೊಂದು ಆಯುಧಪೂಜೆಗೆ ಬಿಚ್ಚಿದರೋ, ಅದೊಂದು ತಿಳಿಯಬೇಕಿತ್ತು. ಗುಬ್ಬಿ ದಾಟಿದ ಮೇಲೆ ಹೆಲಿಕಾಪ್ಟರ್ ಕಾರ್ಖಾನೆ ಇರುವ ಬಿದರೆಹಳ್ಳ ಕಾವಲ್ ಕಡೆ ಹೆಲಿಕಾಪ್ಟರ್ ಒಂದು ಹಾರುತ್ತಿತ್ತು, ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಫ್ಯಾಕ್ಟರಿಯ ಮುಂದೆ ಇಳಿದಾಗ ಕೆಲಸ ಬಿಡುವ ಹೊತ್ತು. ಹೊರಗೆ ಬರುತ್ತಿದ್ದವರಲ್ಲಿ ಒಬ್ಬಳು ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು. ಆವತ್ತು ಹಾರ ಹಾಕಿದ ಪ್ರೆಸ್ಸಿನ ಮುಂದೆ ಕೂತಿದ್ದವಳು. ಈಗ ಮೈಕೈ ತುಂಬಿಕೊಂಡಿದ್ದಳು.

"ಜಾಲರಿ ಐತೇನಮ್ಮ ಪ್ರೆಸ್ಸಿಗೆ?" ಎಂದು ಕೇಳಿದೆ.

"ಐತಕ್ಕ. ಅದನ್ನ ತೆಗ್ಯಂಗೇ ಇಲ್ವಂತೆ, ಬೋಲ್ಟ್ ಹಾಕಿ ಬಿಗಿದ್ಬುಟ್ಟವ್ರೆ. ಕೆಲಸ ಬೇಗ ಓಡಲ್ಲ, ಅದೊಂದು ರೇಜಿಗೆ." ಆಮೇಲೆ ಮುಖ ಅರಳಿಸಿಕೊಂಡು, "ಈ ಸಲ ಅಣ್ಣ ಬಾಗಿನಕ್ಕೆ ದೊಡ್ಡ ಅಂಚಿನ ಸೀರೆ ಕೊಟ್ರು" ಎಂದಳು. "ಆ ಅಕ್ಕ ಹೆಂಗವ್ರೆ?"

"ಇಲ್ಲಮ್ಮ. ಹೋದ ವರ್ಷ ತೀರಿಕೊಂಡಳು."

ಅವಳು ಲೊಚಗುಟ್ಟಿದಳು. "ಪಾಪ, ಅಣ್ಣನ್ನ ಎದುರು ಹಾಕ್ಕೊಂಡು ಕೆಟ್ರು" ಎಂದು ಹೇಳಿ, ಜಾರಿದ ಸೆರಗನ್ನು ಸರಿಮಾಡಿಕೊಂಡು, ಬಿಚ್ಚಿದ್ದ ತುರುಬನ್ನು ಹಿಂದಕ್ಕೆ ಎಳೆದು ಕಟ್ಟತೊಡಗಿದಳು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಹತ್ತೂ ಬೆರಳು ಇದ್ದವು.